ಐದಾಣೆ ನಾಲ್ಕು ಪೈ

ಅರವತ್ತೊಂದರ ಏಪ್ರಿಲ್. ಕುವೈತ್.
ಸಫಾತ್ ಚೌಕದ ಹತ್ತಿರ, ಬ್ಯಾಂಕಿನ ಮೂರನೇ ಕಿಟಕಿ ನನ್ನದು.
ಹೊಸ ದಿನಾರು ಒಂದಕ್ಕೆ ಹದಿಮೂರು ರೂಪಾಯಿ,
ಮೇಲೆ ಮೂರರಲ್ಲೊಂದು ಪಾಲು.
ಆ ಪಾಲೇ ಕಾಟ.
ಸಂಜೆ ಕೂಡಿದರೆ ಎರಡು ಫಿಲ್ಸ್ ಎಲ್ಲೋ ಜಾರಿರುತ್ತಿತ್ತು,
ಹೆಡ್ ಕ್ಲಾರ್ಕ್ ನನ್ನ ಕಡೆಯೇ ನೋಡುತ್ತಿದ್ದ.

ಬರುತ್ತಿದ್ದ ನೋಟೆಲ್ಲ ನಮ್ಮವೇ,
ಅದೇ ಮೂರು ಸಿಂಹ, ಹತ್ತರ ಬೆನ್ನಿಗೆ ಅದೇ ಹಾಯಿಹಡಗು,
ಬಣ್ಣ ಮಾತ್ರ ಕೆಂಪು:
ಇಲ್ಲಿಗೆಂದೇ ಅಚ್ಚಾದದ್ದು, ಮಂಗಳೂರಿನ ಅಂಗಡಿಯಲ್ಲಿ ನಡೆಯದು.
ನಾನೂ ಹಾಗೇ ಎಂದು ಆಗ ಹೊಳೆದಿರಲಿಲ್ಲ.

ನಾಲ್ಕನೇ ದಿನ ಬಂದ ಮರ್ಜೂಕ್ ಬಿನ್ ಫರಾಜ್.
ಮುತ್ತಿಗೆ ಮುಳುಗುತ್ತಿದ್ದವ, ಎರಡು ಕಿವಿಯನ್ನೂ ಕಡಲಿಗೆ ಕೊಟ್ಟವ.
ಮಣ್ಣು ಮೆತ್ತಿದ ಬಿಸ್ಕತ್ತಿನ ಡಬ್ಬ ಸುರಿದ.
ಬೆಳ್ಳಿ ರೂಪಾಯಿ. ಸತ್ತ ರಾಜರ ತಲೆಗಳು.
'ಇಪ್ಪತ್ತಾರು ಬೇಸಗೆ!' ಎಂದು ಕೂಗಿದ;
ಕಿವುಡರಿಗೆ ಊರೆಲ್ಲ ಕಿವುಡು.

ನಾನು ಕಾಗದದ ಮೇಲೆ ಭಾಗಿಸುತ್ತಿರುವಾಗಲೇ
ಅವನ ಬಾಯಿಂದ ಬಂತು: ಹದಿಮೂರು ರೂಪಾಯಿ, ಐದಾಣೆ, ನಾಲ್ಕು ಪೈ.
ಪೈ ಸತ್ತು ನಾಲ್ಕು ವರ್ಷ ಆಗಿತ್ತು.
ಸಾಲದ ಪುಸ್ತಕ ನಾಖುದನ ಕೈಯಲ್ಲಿದ್ದರೆ
ಲೆಕ್ಕ ತಲೆಯಲ್ಲಿರಬೇಕಾಗುತ್ತದೆ.

ನಾನೂರಕ್ಕೆ ಮೂವತ್ತು ದಿನಾರು, ಸರಿಯಾಗಿ.
ಆ ಸಂಜೆ ಏನೂ ಜಾರಲಿಲ್ಲ.
ನಾನೂರ ಒಂದನೆಯದಕ್ಕೆ ತೂತಿತ್ತು,
ಯಾರದೋ ಕೊರಳಲ್ಲಿದ್ದದ್ದು. ಯಾರದೆಂದು ಹೇಳಲಿಲ್ಲ.
ತೂತಿನ ನಾಣ್ಯ ಬ್ಯಾಂಕು ಮುಟ್ಟುವುದಿಲ್ಲ, ಸನ್ನೆ ಮಾಡಿದೆ.
'ನೀನಿಟ್ಟುಕೋ ತಾವ್ರೊ, ನಿನ್ನ ರಾಜ.'
ನನ್ನವನಲ್ಲ ಎಂದು ತಲೆಯಾಡಿಸಿದೆ.
'ನನ್ನವನೂ ಅಲ್ಲ' ಎಂದು ನಕ್ಕು ಹೋದ.
ಬಾಗಿಲಲ್ಲಿ ತಿರುಗಿ ಒಂದು ಮಾತು:
ನಿಮ್ಮ ಮಂಜಲೂರಿನ ಮರ ಉಪ್ಪು ಕುಡಿಯುತ್ತದೆ,
ದೋಣಿಗೆ ಕಲ್ಲಿಕೋಟೆಯದೇ ಆಗಬೇಕು.

ಜೂನಿನಲ್ಲಿ ದೇಶ ಸ್ವತಂತ್ರವಾಯಿತು.
ಇನ್ನೂ ವಾರ ತುಂಬಿರಲಿಲ್ಲ,
ಬಡಗಣದ ರೇಡಿಯೋ ಅದನ್ನು ತನ್ನದೆಂದಿತು.
ಜುಲೈಯ ಧೂಳಿನಲ್ಲಿ ಹೋದ ಬಿಳಿಯರೇ ಮತ್ತೆ ಲಾರಿಯಲ್ಲಿ ಬಂದರು,
ಮೂಗಿನ ತುದಿ ಸುಟ್ಟುಕೊಂಡು.
ತಾರಸಿಯ ಮೇಲೆ ನಾವು ಏಳು ಜನ, ಒದ್ದೆ ಬೈರಾಸು ಹೊದ್ದು,
ಬೊಂಬಾಯಿ ಹಡಗಿನ ಟಿಕೇಟಿನ ಮಾತು;
ನನ್ನ ದಿನಾರು ಬೂಟಿನೊಳಗೆ.

ಬೆಳಿಗ್ಗೆ ಕಿಟಕಿಯೆದುರು ಸಾಲು ಬೀದಿ ತಿರುವಿನವರೆಗೆ.
ಎಲ್ಲರೂ ತೆಗೆಯುವವರೇ.
ಆ ಸಾಲಲ್ಲೇ ಎರಡು ತಾಸು ನಿಂತು
ಮರ್ಜೂಕ್ ಮೂವತ್ತು ದಿನಾರು ನನ್ನತ್ತ ತಳ್ಳಿದ.
ಕಟ್ಟಿಕೋ, ಎಂದ.
ಇವತ್ತೇ ಯಾಕೆ, ಎಂದು ಕೈ ತಿರುಗಿಸಿದೆ.
'ಒಮ್ಮೆ ಹೂತಿಟ್ಟದ್ದಾಯ್ತಲ್ಲ!'
ಸಾಲೆಲ್ಲ ಕೇಳಿತು. ಕೆಲವರು ನೆಲ ನೋಡಿದರು.
ರಶೀದಿಗೆ ಹೆಬ್ಬೆಟ್ಟು ಒತ್ತಿದ;
ಗೆರೆಗಳಿರಲಿಲ್ಲ ಅದರಲ್ಲಿ, ಹಗ್ಗ ತಿಂದಿತ್ತು.
ನನ್ನ ಬೂಟು ಕಚ್ಚುತ್ತಿತ್ತು.

ನವೆಂಬರಿನಲ್ಲಿ ಹಳೆಯ ಕೆಂಪು ಬಾವುಟ ಇಳಿದು
ನಾಲ್ಕು ಬಣ್ಣದ್ದು ಏರಿತು.
ಜನರ ಹಿಂದೆ ಬೆರಳ ಮೇಲೆ ನಿಂತು ನೋಡಿದೆ.
ನಮ್ಮ ರೂಪಾಯಿ ಇವರ ಜೇಬಿನಲ್ಲಿದ್ದಷ್ಟು ದಿನ
ನಾನೂ ಅರ್ಧ ಮನೆಯವನೆಂದುಕೊಂಡಿದ್ದೆ.
ಚಪ್ಪಾಳೆ ತಟ್ಟಿದೆ, ಚೆನ್ನಾಗಿಯೇ ತಟ್ಟಿದೆ.

ಆ ತೂತಿನ ರೂಪಾಯಿ ಬೀಗದ ಕೈಯ ಜೊತೆಗಿದೆ.
ಒಮ್ಮೆ ಅಕ್ಕಸಾಲಿಗನ ತಕ್ಕಡಿಗೆ ಹಾಕಿಸಿದ್ದೆ:
ರೂಪಾಯಿಗೆ ತೂತಿನಷ್ಟು ಕಡಿಮೆ.
ಅದು ಎಷ್ಟು ಪೈ ಆಗುತ್ತದೆಂದು ಅವನನ್ನು ಕೇಳಬೇಕಿತ್ತು.