ಮೂರನೇ ಪಾಳಿಯ ಮೊದಲ ಟೇಪು

ನೀವು ಕೇಳಿರುವುದು ಆಮೇಲಿನದು.
ಮದರಾಸಿನಲ್ಲಿ ಹಾಡಿಸಿದ ತಟ್ಟೆ,
ಹಿಂದೆ ಪಿಟೀಲು, ಮುಂದೆ ಏಕನಾಥ ಪಿಸೆಯ ಸಕ್ಕರೆ ದನಿ,
ಹೊದಿಕೆಯ ಮೇಲೆ ನೀಲಿ ಕೋಟಿನ ನಗು.
ಚೆನ್ನಾಗಿದೆ. ಇಲ್ಲ ಅನ್ನುವುದಿಲ್ಲ.

ನಾನು ಹೇಳುತ್ತಿರುವುದು ಅದಕ್ಕೂ ಎರಡು ವರ್ಷ ಹಿಂದಿನ ಮಾತು,
ಆ ಕೋಟು ಇನ್ನೂ ಥಾನಿನಲ್ಲಿದ್ದಾಗ.

ದಾವಣಗೆರೆ, ಮಂಡಕ್ಕಿ ಭಟ್ಟಿಯ ಓಣಿ, ಬುಡೇನ್‌ಸಾಬರ ಗೋದಾಮು.
ಗೋಡೆ ಕಾಣದ ಹಾಗೆ ಚೀಲದ ಮೇಲೆ ಚೀಲ.
ಊರಲ್ಲಿ ಸದ್ದು ತಿರುಗಿ ಬಾರದ ಜಾಗ ಅದೊಂದೇ ಎಂದು
ಕಂಡುಹಿಡಿದವನು ನಾನು: ಹದಿನಾರು ವಯಸ್ಸು,
ರೇಡಿಯೋ ರಿಪೇರಿ ಅಂಗಡಿಯ ಹುಡುಗ,
ಮಾಲೀಕರು ಮಲೇಬೆನ್ನೂರಿಗೆ ಹೋದ ರಾತ್ರಿ
ಅವರ ಸ್ಪೂಲ್ ರೆಕಾರ್ಡರನ್ನು ಸೈಕಲ್ ಕ್ಯಾರಿಯರಿಗೆ
ಕೂಸಿನ ಹಾಗೆ ಕಟ್ಟಿಕೊಂಡು ಬಂದವನು.

ಮೈಕು ಒಂದು. ಬಾಯಿ ನಾಲ್ಕು.
ನೆಲಕ್ಕೆ ಸುಣ್ಣದ ಗೆರೆ ಎಳೆದೆ:
ಬಾವಿಯೊಳಗಿಂದ ಹಾಡುವ ಸಾಮುವೇಲ, ಮೊಳದಷ್ಟು ದೂರ.
ಹಾಲೇಶಿ, ಪಿಸೆ, ಒಂದೊಂದು ಮಾರು.
ದುಗ್ಗಪ್ಪ ಮಾತ್ರ ಬಾಗಿಲ ಹೊಸ್ತಿಲ ಮೇಲೆ;
ಅವನಿಗೆ ಅಷ್ಟೂ ಸಾಲದೆ
ಸೂಜಿ ಕೆಂಪಿಗೆ ಬಡಿದು ನಡುಗುತ್ತಿತ್ತು.

ಯಾರಿಂದ ಕಲಿತರು?
ಪಾಠ ಹೇಳಲು ಬಂದಿದ್ದ ಅಮೆರಿಕದ ಹುಡುಗ
ಬಾಡಿಗೆಗೆ ಬದಲಾಗಿ ಬಿಟ್ಟುಹೋದ ಒಂದು ತಟ್ಟೆ,
ಮೇಲೆ ನಮ್ಮದೇ ಬಣ್ಣದ ನಾಲ್ವರು, ಒಂದೇ ಥರದ ಬೂಟು.
ಒಂದಕ್ಷರ ತಿಳಿಯಲಿಲ್ಲ.
ಭಜನೆಯಲ್ಲಿ ನಾವು ಹತ್ತು ಜನ ಒಂದೇ ಮೆಟ್ಟಿಲ ಮೇಲೆ ನಿಲ್ತೀವಿ,
ಇವರು ಒಬ್ಬೊಬ್ಬ ಒಂದೊಂದು ಮೆಟ್ಟಿಲ ಮೇಲೆ ನಿಂತು
ಒಂದೇ ಮಾತು ಆಡ್ತಾರೆ ನೋಡು, ಎಂದ ದುಗ್ಗಪ್ಪ.
ಅಷ್ಟೇ. ಆ ರಾತ್ರಿಯೇ ಶುರು.

ಗಿರಣಿಯಲ್ಲಿ ಅವನ ಕೆಲಸ ಕಡಿದ ಎಳೆ ಹಿಡಿದು ಸೇರಿಸುವುದು.
ಹಾಡೂ ಅದರದ್ದೇ:
ಕಡೀತಲ್ಲೋ ಎಳಿ, ಕಡೀತು, ನಿದ್ದಿ ಬಂದಾಗ ಕಡೀತು.
ಗಂಟ್ ಹಾಕೋ, ಗಂಟ್ ಹಾಕೋ ಎಂದು
ಮೂವರು ಕೆಳಗಿಂದ ಹೆಗಲು ಕೊಡುತ್ತ.

ಮೊದಲ ಸಲ ಹಾಲೇಶಿಗೆ ನಗು.
ಎರಡನೆಯದಕ್ಕೆ ಭಟ್ಟಿಯ ನಾಯಿ.
ಮೂರನೆಯದರಲ್ಲಿ ದುಗ್ಗಪ್ಪನ ಕೆಮ್ಮು;
ಹತ್ತಿಯ ಧೂಳು ಆಗಲೇ ಎದೆಯಲ್ಲಿ ಗೂಡು ಕಟ್ಟಿತ್ತು,
ನಮಗದು ಬರೀ ಟೇಪು ಕೆಡಿಸುವ ಸದ್ದು.
ನಾಲ್ಕನೆಯದು ಆಯಿತು.
ಮೂವರೂ ನಿಲ್ಲಿಸಿದ ಮೇಲೂ ಅವನು ನಿಲ್ಲಿಸಲಿಲ್ಲ,
ಬಿಡಲು ಮನಸ್ಸಿಲ್ಲದ ಹಾಗೆ ಆ ಕೊನೆಯ ಸ್ವರವನ್ನು ಹಿಡಿದೇ ಇದ್ದ.
ಆಮೇಲೆ ಯಾರೂ ಮಾತಾಡಲಿಲ್ಲ.
ಸಾಮುವೇಲ ಮೆಲ್ಲಗೆ ಚೀಲಕ್ಕೆ ಒರಗಿದ.

ಮದರಾಸಿನವರು ಕರೆದಾಗ ದುಗ್ಗಪ್ಪನಿಗೆ ರಜೆ ಸಿಗಲಿಲ್ಲ ಎನ್ನುತ್ತಾರೆ.
ದನಿ ಒರಟು ಎಂದರಂತೆ ಎಂದೂ ಎನ್ನುತ್ತಾರೆ.
ನಾನು ಕೇಳಲು ಹೋಗಲಿಲ್ಲ. ನನ್ನದೇ ಒಂದಿತ್ತು:

ಮಾಲೀಕರ ಮಗಳ ಮದುವೆ.
ಹೊಸ ಟೇಪಿಗೆ ದುಡ್ಡು ಕೊಡಲಿಲ್ಲ.
ಇದ್ದ ಸ್ಪೂಲು ಏರಿಸಿ ಕೆಂಪು ಗುಂಡಿ ಒತ್ತಿದೆ.
ನಾನೇ. ಈ ಬೆರಳೇ.

ಮೊನ್ನೆ ಸಾಮುವೇಲನ ಮೊಮ್ಮಗಳು ರೂತ್ ಬಂದಿದ್ದಳು,
ಮೊದಲನೇದು ನಿಮ್ಮ ಹತ್ರ ಐತಂತಲ್ಲ ಅಜ್ಜಾ, ಎಂದು.
ಬೆಲ್ಟು ಬದಲಿಸಿ ಹಾಕಿದೆ.
ಪಾಪದ ಹುಡುಗಿ, ಪೂರ್ತಿ ಮದುವೆ ಕೇಳಿದಳು,
ವಾಲಗ, ಗಟ್ಟಿಮೇಳ, ಯಾವುದೋ ಮಗುವಿನ ರಂಪ,
ಊಟಕ್ಕೇಳ್ರಿ ಊಟಕ್ಕೇಳ್ರಿ.
ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ.

ಟಕ್.

ಅಳಿಸಲು ಮದುವೆಯ ಉದ್ದ ಸಾಲದೆ ಉಳಿದ
ಹನ್ನೊಂದು ಸೆಕೆಂಡು:
ಹೊಸ್ತಿಲ ಮೇಲೆ ಒಬ್ಬನೇ ದುಗ್ಗಪ್ಪ,
ಮಾತು ಮುಗಿದು, ಬರೀ ದನಿ.
ಅದೂ ಮುಗಿದ ಮೇಲೆ ಸಣ್ಣಗೆ, ಕರಕರ.

ರೂತ್ ಕಣ್ಣೊರೆಸಿಕೊಂಡಳು. ಫೋನು ತೆಗೆದು
ಇನ್ನೊಮ್ಮೆ ಹಾಕಿಸಿ ಹಿಡಿದುಕೊಂಡಳು.
ಕೊನೇಗೆ ಒಂಚೂರು ಕರಕರ ಅಂತೈತಲ್ಲ,
ಅದನ್ನ ಕಂಪ್ಯೂಟರಿನಲ್ಲಿ ತೆಗೀಬೋದು, ಎಂದಳು.

ಅದು ನಿಮ್ಮಜ್ಜ ಎಂದೆ.