ಎರಡೂ ಬೋರ್ಡು ನನ್ನವೇ

ರೈಲು ಹಳಿಯ ಆಚೆ ಶ್ರೀರಾಂಪುರ, ಈಚೆ ಮಲ್ಲೇಶ್ವರ.
ನಡುವೆ, ಸೇತುವೆಯ ಮಗ್ಗುಲಲ್ಲಿ, ನನ್ನ ಅಂಗಡಿ:
ಪಿಳ್ಳಪ್ಪ ಆರ್ಟ್ಸ್. ಒಂದು ಸ್ಟೂಲು, ಆರು ಬ್ರಷ್ಷು,
ಕುಡಿಯುವ ನೀರಿಗೆ ಒಂದು ಬಿಂದಿಗೆ.

ಏಪ್ರಿಲ್ ಬಂತೆಂದರೆ ಬಾಲ್ ಬ್ಯಾಡ್ಮಿಂಟನ್.
ಹಳದಿ ಉಣ್ಣೆಯ ಚೆಂಡು, ಕಡೆಗೆ ಐದೈದು ಜನ,
ಮತ್ತೆ, ಆಟಕ್ಕೆ ಹದಿನೈದು ದಿನ ಮುಂಚೆಯೇ ಶುರುವಾಗುವ
ನನ್ನ ಸುಗ್ಗಿ.

ವೆಂಕೋಬರಾಯರು ಪಂಚೆ ಎತ್ತಿ ಹಿಡಿದು ಬಂದರು:
"ಬರಿ ಪಿಳ್ಳಪ್ಪ, ದಪ್ಪಕ್ಷರ.
ಹಳಿ ದಾಟಿ ಬರುವವರಿಗೆ ನೆರಳಲ್ಲಿ ಕುರ್ಚಿ ಉಚಿತ,
ಸೋತ ಮೇಲೆ ಕೂರಲು."
ನೀಲಿಯಲ್ಲಿ ಬರೆದೆ. ಅದಿನ್ನೂ ಒಣಗಿಲ್ಲ,
ದೊರೈರಾಜು, ಸೈಕಲ್ಲಿಗೆ ಸ್ಟ್ಯಾಂಡೂ ಹಾಕದೆ:
"ಮಲ್ಲೇಶ್ವರದವರಿಗೆ ಕರ್ಚೀಫು ಫ್ರೀ ಅಂತ ಹಾಕು.
ಆಟಕ್ಕೆ ಮುಂಚೇನೇ ಬಂದು ಇಸ್ಕೊಳ್ಳಿ, ಆಮೇಲೆ ನೂಕುನುಗ್ಗಲು."
ನೀಲಿ ಬೋರ್ಡನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ
ಕೆಂಪು ಡಬ್ಬಿ ಬಿಚ್ಚಿದೆ.

ಮರುವರ್ಷ ರಾಯರದು:
ದೊರೈರಾಜುವಿನಷ್ಟು ಮೀಸೆ ಇದ್ದವರಿಗೆ ಮುಂದಿನ ಸಾಲು.
ಇದ್ದಿಲಲ್ಲಿ ಮೀಸೆ ಬರೆದುಕೊಂಡು ಹುಡುಗರು ಬಂದರು.
ಹೂವಿನ ರುಕ್ಕಮ್ಮನೂ ಬರೆದುಕೊಂಡು, ಸೆರಗಲ್ಲಿ ಮುಚ್ಚಿಕೊಂಡು ಬಂದಳು.
ಕಡೆಗೆ ಖುದ್ದು ದೊರೈರಾಜು. ಟೇಪು ಹಿಡಿದ ಹುಡುಗ
ಈ ತುದಿಯಿಂದ ಆ ತುದಿಗೆ ಎರಡು ಸಲ ಅಳೆದು
"ಅರ್ಧ ಇಂಚು ಕಮ್ಮಿ ಸಾರ್, ಹಿಂದೆ ನಿಂತ್ಕೊಳ್ಳಿ" ಅಂದ.

ಅದಕ್ಕೆ ಹಳಿಯಾಚೆಯ ಉತ್ತರ:
ವೆಂಕೋಬರಾವ್ ಎಂಬ ಹೆಸರಿನವರಿಗೆಲ್ಲ ಕಡ್ಲೆಕಾಯಿ.
ಹದಿನಾಲ್ಕು ವೆಂಕೋಬರಾಯರು ಬಂದರು,
ಅವರಲ್ಲಿಬ್ಬರು ಅಂತೋಣಿ.
ನಿಜವಾದವರು ರೇಷನ್ ಕಾರ್ಡು ತಂದಿದ್ದರು.
ಸಾಲಿನಲ್ಲಿ ಕೊನೆಯವರು. ಬರೀ ಸಿಪ್ಪೆ ಉಳಿದಿತ್ತು.

ಗುರುತು ಸಿಗಬಾರದೆಂದು ನಾನು
ಆಚೆಯವರಿಗೆ ಅಕ್ಷರ ಓರೆ ಮಾಡುತ್ತಿದ್ದೆ, ಈಚೆಯವರಿಗೆ ನೆಟ್ಟಗೆ.
ಒಂದು ಸಂಜೆ ರಾಯರು ಟೀ ಊದುತ್ತ ಅಂದರು:
"ನಿನ್ನ ಳಕಾರದ ಬಾಲ, ಪಿಳ್ಳಪ್ಪ,
ಎಲ್ಲಿದ್ದರೂ ಅಲ್ಲಾಡುತ್ತೆ. ಮೊದಲನೇ ವರ್ಷವೇ ಗೊತ್ತಾಯ್ತು.
ಬೇರೆ ಪೇಂಟರಾದರೆ ಅವರೇನು ಬರೆಸಿದರು ಅಂತ
ನಮಗೆ ಹೇಗಯ್ಯ ತಿಳೀಬೇಕು?"

ಹೌದಲ್ಲ.
ಬಂದಾಗಲೆಲ್ಲ ಇಬ್ಬರಿಗೂ ಬಾಯಾರುತ್ತಿತ್ತು.
ಬಿಂದಿಗೆ ಇದ್ದದ್ದು
ಗೋಡೆಗೆ ಮುಖ ಮಾಡಿದ ಬೋರ್ಡುಗಳ ಹಿಂದೆ.

ಯಾರು ಎಷ್ಟು ಸಲ ಗೆದ್ದರೋ ನನಗೆ ನೆನಪಿಲ್ಲ.
ನನ್ನ ಲೆಕ್ಕದ ಪುಸ್ತಕದಲ್ಲಿರುವುದು ಕಡೆಯ ವರ್ಷದ ಬಾಕಿ:
ಫೈನಲ್ಲಿನ ಬ್ಯಾನರು, ಬಟ್ಟೆ ಬಣ್ಣ ಸೇರಿ ನಲವತ್ತು ರೂಪಾಯಿ,
ಗೆದ್ದವರು ಕೊಡತಕ್ಕದ್ದು.

ರಾಯರನ್ನು ಕೇಳಿದೆ.
"ಛೆ ಛೆ, ಆ ಸಲ ಅವರದೇ ಗೆಲುವು. ಏನು ಆಟ ಅಂತೀಯ!"
ಸೇತುವೆ ಹತ್ತಿ ಇಳಿದು ದೊರೈರಾಜುವನ್ನು ಕೇಳಿದೆ.
ಮೀಸೆ ಮುಟ್ಟಿ ಆಣೆ ಮಾಡಿದ:
"ಸೋತಿದ್ದು ನಾವು ಪಿಳ್ಳಪ್ಪ.
ಚೆನ್ನಾಗಿ ಸೋತ್ವಿ."