ಸುದ್ದಿ ಮುಟ್ಟದ ಹಸರು

ಮೋಟರ್ ಸುತ್ತೂದು ನನ್ನ ಉದ್ಯೋಗ.
ಸುಟ್ಟ ವೈಂಡಿಂಗ್ ಬಾಗಲದಾಗ ಬಂದ ಕೂಡ್ಲೇ ಮೂಗು ಹೇಳತೈತಿ,
ಬಿಚ್ಚಿ ನೋಡೂದು ಬರೇ ಗಿರಾಕಿ ಸಮಾಧಾನಕ್ಕ.
ಈ ಗಿಡದ ಕಡೆಯಿಂದ ಯಾವ ವಾಸನಿನೂ ಬರಲಿಲ್ಲ.

ದೇಶಿಂಗಕರ ಮೇಡಂಗ ಬ್ಯಾಂಕಿನಿಂದ ಬದ್ಲಿ ಆತು.
ಕೂಲರ್ ಒಯ್ಯಾಕ ಬಂದವರು
ಬಿಲ್ಲಿನ ರೊಕ್ಕದ ಜೋಡಿ ಟೇಬಲ್ ಮ್ಯಾಲ ಇದನ್ನೂ ಇಟ್ಟರು:
ತಾಟಿನಂಥಾ ಕುಂಡ, ಗೇಣುದ್ದ ಗಿಡ,
ಯಾರೋ ಕರದರು ಅಂತ ಹೊಳ್ಳಿ ನೋಡಿದಂಗ ಬಾಗಿದ ಬೊಡ್ಡಿ.
'ಜುನಿಪರ್. ಹನ್ನೊಂದ ವರ್ಷದ್ದು.'
ನಮ್ಮ ಭೀಮಶಿ ನಕ್ಕ:
'ಹನ್ನೊಂದ ವರ್ಷಕ್ಕ ಇಷ್ಟನ ಏನ್ರಿ?'

ಕ್ಯಾಲೆಂಡರ್ ಹಾಳಿ ಹಿಂದ ಬರದು ಕೊಟ್ಟಿದ್ದರು.
ಬಯಲಾಗ ಇಡ್ರಿ, ಒಳಗ ಬ್ಯಾಡ.
ಬೆರಳ ಇಳಿಸಿ ನೋಡಿ ನೀರ ಹಾಕ್ರಿ, ಗಡಿಯಾರ ನೋಡಿ ಅಲ್ಲ.
ಕೆಳಗ ಇನ್ನೊಂದು ಸಾಲು, ಅಡಿಗೆರಿ ಎಳದದ್ದು.
ಅದರ ಮ್ಯಾಲ ನಾ ಅವತ್ತ ಚಹಾ ಚೆಲ್ಲಿದೆ.

ಆದರ ವಿಜಯಪುರದ ಏಪ್ರಿಲ್!
ಸ್ಟೇಶನ್ ರೋಡಿನ ಡಾಂಬರಿಗೆ ಚಪ್ಪಲ ಅಂಟತಾವ.
ಕೂಸಿನಂಥಾದ್ದು, ಬಯಲಾಗ ಹೆಂಗ ಇಡೂದು?
ಅಂಗಡಿ ಒಳಗ, ಫ್ಯಾನಿನ ಕೆಳಗ, ಟ್ಯೂಬ್‌ಲೈಟಿನ ಬೆಳಕಿಗೆ ಇಟ್ಟೆ.
ನಾ ಚಹಾ ಕುಡದಾಗೊಮ್ಮೆ ಅದಕ್ಕ ನೀರು.
ಕುಂಡದಾಗ ಬರೇ ಹಳ್ಳ ಇದ್ದವು, ಪಾಪ ಅನಿಸಿ
ಡೋಣಿ ದಂಡಿ ಎರಿ ಮಣ್ಣ ತರಿಸಿ ಮೆತ್ತಿದೆ.
ಜೋಳಕ್ಕ ಬಂಗಾರ ಆದದ್ದು ಇದಕ್ಯಾಕ ಒಲ್ಲೆ ಅನಬೇಕು?

ಎರಡ ತಿಂಗಳು ಹಸರಂದ್ರ ಹಸರು.
ಬಂದವರಿಗೆಲ್ಲಾ ತೋರಿಸಿದೆ.
ಒಬ್ಬರು, 'ಪ್ಲಾಸ್ಟಿಕ್ಕೇನು?' ಅಂತ ಕೇಳಿದರು.
ಅದೂ ನನಗ ಹೆಮ್ಮಿ ಅನಿಸಿತು.

ಇಬ್ರಾಹಿಂಪುರ ಗೇಟಿನ ಕಡೆ ನರ್ಸರಿ ಇಟ್ಟಾಕಿ, ಖಾಜಾಬಿ,
ಪಂಪು ರಿಪೇರಿಗೆ ತಂದಾಗ ನೋಡಿದಳು,
ಒಂದ ಮಾತು ಕೇಳದ ಉಗರಿಲೆ ತೊಗಟಿ ಕೆರದಳು.
ಕಂದು.
ಮ್ಯಾಲಿನ ಟೊಂಗಿ, ಕಂದು. ಬಾಜೂದು, ಕಂದು.
'ಇದು ಸತ್ತು ತಿಂಗಳಾತು, ಅಣ್ಣಾ.
ಎಲಿಗೆ ಇನ್ನಾ ಸುದ್ದಿ ಮುಟ್ಟಿಲ್ಲ.'

ಇಪ್ಪತ್ತೆರಡ ವರ್ಷದ ಕೈ ನಂದು,
ಟೆಸ್ಟ್ ಲ್ಯಾಂಪ್ ಹಿಡದು ಎಲ್ಲಿ ಕಡದೈತಿ ಹೇಳಾಂವ.
ನನ್ನ ಎದುರಿಗೇ, ನನ್ನ ಫ್ಯಾನಿನ ಗಾಳ್ಯಾಗ,
ನಾ ನೀರ ಹಾಕ್ಕೋತ ಕುಂತಾಗ...

ಆಕಿ ಉಗುರು ಬುಡದ ಟೊಂಗಿಗೆ ಬಂದಿತ್ತು.
ದಾರದಷ್ಟ ಒಂದು ಹಸಿ ಗೆರಿ.
'ಇಲ್ಲೊಂದ ಲೈನ್ ಚಾಲೂ ಐತಿ ನೋಡು,'
ಅಂದಳು, ನನ್ನ ಭಾಷಾದಾಗ.

ಎರಿ ಮಣ್ಣ ಚಮಚಾಲೆ ಕೆದರಿ ತಗದ್ವಿ.
ಬೇರಿನ ತನಕ ಹ್ವಾದ ಮ್ಯಾಲ ಬಂತು ವಾಸನಿ,
ಅಷ್ಟ ದಿನ ಮೂಗಿಗೆ ಸಿಗದ್ದು.
ಇಟ್ಟಂಗಿ ಕುಟ್ಟಿ ಸಾಣಗಿ ಹಿಡದು,
ಧೂಳ ಜಾಡಿಸಿ, ಉಳದ ಕಾಳು ತುಂಬಿದ್ವಿ.
ಸತ್ತ ಟೊಂಗಿ ಕಡಿಯಾಕ ಹ್ವಾದರ ಖಾಜಾಬಿ ಬ್ಯಾಡಂದಳು:
'ತೊಗಟಿ ಸುಲದ ಬಿಡು, ಬೆಳ್ಳಗಾಗಲಿ. ಅದೂ ಗಿಡಾನ.'

ನಾ ಊಟಕ್ಕ ಹೋಗಿ ಬರೂದ್ರಾಗ ಭೀಮಶಿ
ಬದುಕಿದ್ದ ಆ ಒಂದು ಟೊಂಗಿಗೆ
ಹದಿನೆಂಟ ನಂಬರಿನ ತಾಮ್ರ ಸುತ್ತಿ ಇಟ್ಟಿದ್ದ,
ಸುತ್ತಿಗೆ ಸುತ್ತು ಹತ್ತಿಸಿ, ಬಿಗಿ, ಚೆಂದ.
ಬೈಯಾಕ ಬಾಯಿ ಬರಲಿಲ್ಲ,
ಹಂಗ ಸುತ್ತೂದು ಕಲಿಸಿದಾಂವ ನಾನ.
ಬಿಚ್ಚಿದೆ. ತೊಗಟಿ ಮ್ಯಾಲ ಆಗಲೇ ಸುರಳಿ ಗುರುತು.

ಈಗದು ಮಾಳಗಿ ಮ್ಯಾಲ ಐತಿ.
ಹತ್ತರ ತನಕ ಬಿಸಲು, ಆಮ್ಯಾಲ ನೀರಿನ ಟಾಕಿ ನೆರಳು.

ನಿನ್ನೆ ಮೇಡಂ ಫೋನು. 'ಹೆಂಗೈತಿ?'
'ಹಸರೈತ್ರಿ.'
ಆ ಕಡೆ ಸ್ವಲ್ಪ ಹೊತ್ತು ಸುಮ್ಮನಾದರು.
'ಹಸರ ಕೇಳಲಿಲ್ಲ ನಾ. ಸತ್ತರೂ ಹಸರನ ಇರತೈತಿ ಅದು,
ಅಡಿಗೆರಿ ಎಳದು ಬರದಿದ್ದೆನಲ್ಲ.
ಚಿಗತೈತೇನು?'

ಇವತ್ತ ಏಳಕ್ಕ ಚಾಳೀಸ ಹಾಕ್ಕೊಂಡು ಮ್ಯಾಲ ಹತ್ತಿದೆ.
ಬೆರಳ ಇಳಿಸಿದೆ: ತಂಪು. ನೀರ ಬ್ಯಾಡ.
ಬುಡದ ಟೊಂಗಿ ತುದಿಗೆ
ಸಾಸಿವಿಯಷ್ಟ ತಿಳಿ ಬಣ್ಣ ಕಂಡಂಗಾತು.
ಬಿಸಲಿರಬಹುದು.
ಹತ್ತಕ್ಕ ನೆರಳ ಬರತೈತಿ, ಆವಾಗ ಮತ್ತ ನೋಡಬೇಕು.